ಗುಂಡನ ವಿಮೆ: ನಾಲ್ಕೈದು ವರ್ಷದ ಜಮಾ ಖರ್ಚು

ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ಗುಂಡ ಲ್ಯಾಬ್ರಡಾರ್, ವಯಸ್ಸು ಒಂಬತ್ತು ದಾಟಿದೆ. ಚಿನ್ನಿ ಬೆಂಗಳೂರಿನ ಸಹಕಾರನಗರದ ನಮ್ಮ ರಸ್ತೆಯಲ್ಲೇ ಹುಟ್ಟಿದ ನಾಟಿ ನಾಯಿ. ಗುಂಡನಿಗೆ ವಿಮೆ ಮಾಡಿಸಿದ್ದೇನೆ, ಚಿನ್ನಿಗೆ ಮಾಡಿಸಿಲ್ಲ. ಪಾರ್ಕಿನಲ್ಲಿ ಸಿಗುವ ಗೆಳತಿಯರು ಇದನ್ನು ಮಲತಾಯಿ ಧೋರಣೆ ಎಂದು ಆಡಿಕೊಳ್ಳುತ್ತಾರೆ. ಲೆಕ್ಕ ಬಿಡಿಸಿ ಹೇಳಿದರೆ ಸುಮ್ಮನಾಗುತ್ತಾರೆ, ಅದನ್ನೇ ಇಲ್ಲಿಯೂ ಬಿಡಿಸಿಡುತ್ತೇನೆ.

ಪ್ರಾಣಿಗಳ ವಿಮೆ ನಮಗೆ ಹೊಸದೇನಲ್ಲ. ಹಾಸನದ ಕಡೆ ನನ್ನ ಅಣ್ಣ ಡೇರಿಗೆ ಹಾಲು ಹಾಕುತ್ತಾನೆ. ಅವನ ಹಸುಗಳಿಗೆಲ್ಲ ವಿಮೆ ಇದೆ. ಹಸು ಸತ್ತರೆ ಹಣ ಬರುತ್ತದೆ, ಆದರೆ ಅದರ ಕಿವಿಗೆ ಹಾಕಿದ್ದ ಗುರುತಿನ ಓಲೆ ತೋರಿಸಬೇಕು. ಓಲೆ ಇಲ್ಲವೆಂದರೆ ಹಣವೂ ಇಲ್ಲ. ಸರ್ಕಾರಿ ವಿಮಾ ಕಂಪನಿಗಳು ಹಿಂದಿನಿಂದ ಕೊಡುತ್ತಿದ್ದ ನಾಯಿ ವಿಮೆಯೂ ಬಹುಮಟ್ಟಿಗೆ ಇದೇ ಅಚ್ಚಿನದು, ಸತ್ತರೆ ಪರಿಹಾರ. 2020ರಲ್ಲಿ ಬಜಾಜ್ ಅಲಯನ್ಸ್ ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸೆಯ ಖರ್ಚನ್ನೂ ಸೇರಿಸಿ ಒಂದು ಪಾಲಿಸಿ ತಂದಿತು. ಬಳಿಕ ಇನ್ನೂ ಕೆಲವು ಕಂಪನಿಗಳು ಬಂದವು. ನನ್ನದು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಕಂಪನಿಯ ಹೆಸರಿಗಿಂತ ಪಾಲಿಸಿಯ ಷರತ್ತುಗಳನ್ನು ಓದುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

ವಿಮಾ ಮೊತ್ತ 50,000 ರೂಪಾಯಿ. ಮೊದಲ ವರ್ಷದ ಪ್ರೀಮಿಯಂ ಜಿಎಸ್‌ಟಿ ಸೇರಿ ನಾಲ್ಕು ಸಾವಿರದ ಒಳಗಿತ್ತು. ನಾಯಿಗೆ ವಯಸ್ಸಾದಂತೆ ಅದು ಏರಿ, ಕಳೆದ ಸಲ ಐದೂವರೆ ಸಾವಿರ ದಾಟಿತು. ಒಟ್ಟು ಇಪ್ಪತ್ತಮೂರು ಸಾವಿರದ ಆಸುಪಾಸು ಕಟ್ಟಿದ್ದೇನೆ.

ಎರಡನೇ ವರ್ಷದ ಮಾವಿನ ಕಾಲದಲ್ಲಿ ಗುಂಡ ಒಂದು ಬಾದಾಮಿ ಮಾವಿನ ವಾಟೆಯನ್ನು ಇಡಿಯಾಗಿ ನುಂಗಿದ. ಎರಡು ದಿನ ವಾಂತಿ ಮಾಡಿಕೊಂಡ, ನೀರೂ ನಿಲ್ಲಲಿಲ್ಲ. ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಮಾಡಿದಾಗ ಕರುಳಿನಲ್ಲಿ ಸಿಕ್ಕಿಕೊಂಡಿರುವುದು ಗೊತ್ತಾಯಿತು. ಖಾಸಗಿ ಆಸ್ಪತ್ರೆಯಲ್ಲಿ ಅದೇ ರಾತ್ರಿ ಆಪರೇಷನ್ ಆಯಿತು. ಒಟ್ಟು ಬಿಲ್ಲು 58,000 ರೂಪಾಯಿ. ಪೂರ್ತಿ ಹಣ ನಾವೇ ಮೊದಲು ಕಟ್ಟಬೇಕು, ಆಮೇಲೆ ಕಂಪನಿಯಿಂದ ವಾಪಸು ಕೇಳಬೇಕು. ಮನುಷ್ಯರ ವಿಮೆಯಂತೆ ಕಾರ್ಡು ತೋರಿಸಿ ಮನೆಗೆ ಬರುವ ಸೌಲಭ್ಯ ನನ್ನ ಪಾಲಿಸಿಯಲ್ಲಿರಲಿಲ್ಲ. ನೋಂದಣಿ ಶುಲ್ಕ, ಕೊರಳಿಗೆ ಹಾಕುವ ಕೋನ್, ವಿಶೇಷ ಆಹಾರ ಇವೆಲ್ಲ ಲೆಕ್ಕದಿಂದ ಹೊರಗೆ. ಉಳಿದದ್ದು ವಿಮಾ ಮೊತ್ತವನ್ನು ಮೀರಿದ್ದರಿಂದ 50,000ಕ್ಕೆ ನಿಂತಿತು, ಅದರಲ್ಲಿ ಶೇ 10 ನನ್ನ ಪಾಲು. ಕೈಗೆ ಬಂದದ್ದು 45,000. ತಿಂಗಳ ಮೇಲಾಯಿತು, ಆದರೆ ತಕರಾರಿಲ್ಲದೆ ಬಂತು.

ನಿಜವಾದ ಗುದ್ದಾಟ ನಡೆದದ್ದು ಉಣ್ಣೆ ಜ್ವರದ, ಅಂದರೆ ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಹುಳುವಿನಿಂದ ಬರುವ ಜ್ವರದ, ಕ್ಲೇಮಿಗೆ. ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ಈ ಜ್ವರವನ್ನು ಪರಿಚಯ ಮಾಡಿಸಬೇಕಾಗಿಲ್ಲ. ನಮ್ಮ ಹದವಾದ ಹವೆಯಲ್ಲಿ ಉಣ್ಣೆಗಳಿಗೆ ವರ್ಷವಿಡೀ ಸುಗ್ಗಿ, ಗೋಡೆಯ ಬಿರುಕಿನಲ್ಲೂ ಸಂಸಾರ ಹೂಡುತ್ತವೆ. ಗುಂಡನಿಗೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿಯಿತು. ರಕ್ತ ಪರೀಕ್ಷೆ, ಡ್ರಿಪ್, ನಾಲ್ಕು ವಾರದ ಡಾಕ್ಸಿಸೈಕ್ಲಿನ್ ಮಾತ್ರೆ ಸೇರಿ ಏಳೆಂಟು ಸಾವಿರವಾಯಿತು. ಕಂಪನಿ ಕ್ಲೇಮ್ ತಿರಸ್ಕರಿಸಿತು. ಕಾರಣ: ಬಾಹ್ಯ ಪರೋಪಜೀವಿಗಳ ಚಿಕಿತ್ಸೆ ಪಾಲಿಸಿಗೆ ಸೇರಿಲ್ಲ.

ಉಣ್ಣೆ ಪರೋಪಜೀವಿ ಹೌದು. ಆದರೆ ಗುಂಡನಿಗೆ ಬಂದದ್ದು ಎರ್ಲಿಕಿಯಾ, ಅದು ಉಣ್ಣೆ ಹೊತ್ತು ತರುವ ಬ್ಯಾಕ್ಟೀರಿಯಾ. ಉಣ್ಣೆ ತೆಗೆಸಿದ ಖರ್ಚನ್ನು ನಾನು ಕೇಳಿಯೇ ಇರಲಿಲ್ಲ. ಮೊದಲ ದಿನದ ಚೀಟಿಯಲ್ಲಿ ವೈದ್ಯರು ಅವಸರದಲ್ಲಿ ಉಣ್ಣೆ ಬಾಧೆ ಎಂದಷ್ಟೇ ಬರೆದಿದ್ದರು, ಕಂಪನಿ ಆ ಒಂದು ಸಾಲನ್ನು ಹಿಡಿದುಕೊಂಡಿತ್ತು. "ಡಾಕ್ಟರೇ, ಕಾಯಿಲೆಯ ಹೆಸರನ್ನು ಬಿಡಿಸಿ ಬರೆದುಕೊಡಿ" ಎಂದು ಕೇಳಿ ಪ್ರಮಾಣಪತ್ರ ಪಡೆದೆ. ರಕ್ತದ ವರದಿಯ ಜೊತೆ ಅದನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿದೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಇಲ್ಲೇ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿಗೆ ಹೋಗುತ್ತೇನೆಂದು ಪತ್ರದ ಕೊನೆಯ ಸಾಲಿನಲ್ಲಿ ವಿನಯವಾಗಿಯೇ ತಿಳಿಸಿದ್ದೆ. ಆರು ಸಾವಿರ ಚಿಲ್ಲರೆ ಮಂಜೂರಾಯಿತು. ಹೋಗುವ ಪ್ರಮೇಯ ಬರಲಿಲ್ಲ.

ಹೀಗೆ ನೋಡಿದರೆ ನಾನು ಲಾಭದಲ್ಲಿದ್ದೇನೆ. ಆದರೆ ಆ ಲಾಭವೆಲ್ಲ ಒಂದು ಮಾವಿನ ವಾಟೆಯ ಕೃಪೆ. ಅದನ್ನು ತೆಗೆದಿಟ್ಟರೆ ಕಟ್ಟಿದ್ದರಲ್ಲಿ ಕಾಲು ಭಾಗದಷ್ಟೇ ಮರಳಿದಂತಾಗುತ್ತದೆ. ಮನೆಯಲ್ಲಿ ಪದೇ ಪದೇ ಜೇಬು ಹಗುರ ಮಾಡುವ ಖರ್ಚುಗಳು ಬೇರೆಯೇ: ಲಸಿಕೆ, ಜಂತುಹುಳುವಿನ ಔಷಧಿ, ಕಿವಿ ಸೋರುವುದು, ಚರ್ಮದ ತುರಿಕೆ, ಹಲ್ಲು ಶುಚಿ. ನನ್ನ ಪಾಲಿಸಿ ಇವುಗಳಲ್ಲಿ ಒಂದಕ್ಕೂ ಬಿಡಿಗಾಸು ಕೊಡುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೂ ಇಲ್ಲ. ಲಸಿಕೆ ತಪ್ಪಿಸಿದ್ದರೆ, ಲಸಿಕೆಯಿಂದ ತಡೆಯಬಹುದಾಗಿದ್ದ ಪಾರ್ವೊದಂಥ ಕಾಯಿಲೆಗೂ ಕೇಳುವಂತಿಲ್ಲ.

ನಾಯಿ ಕಳೆದುಹೋದರೆ ಪರಿಹಾರ ಎಂಬ ಸಾಲು ಕೂಡ ಇದೆ. ದೀಪಾವಳಿಯ ಪಟಾಕಿಗೆ ಹೆದರಿ ಓಡುವ ನಾಯಿಗಳನ್ನು ನೋಡಿದರೆ ಅದು ಒಳ್ಳೆಯದೆನಿಸುತ್ತದೆ, ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ ಎಂಬುದನ್ನು ಓದುವವರೆಗೆ. ಮೂರನೆಯವರಿಗೆ ಆಗುವ ಗಾಯದ ಹೊಣೆಯ ಭಾಗವನ್ನು ಮಾತ್ರ ಅಪಾರ್ಟ್‌ಮೆಂಟಿನವರು ಬಿಡಬಾರದು. ಡೆಲಿವರಿ ಹುಡುಗನನ್ನು ನಿಮ್ಮ ನಾಯಿ ಕಚ್ಚಿತೆನ್ನಿ, ಪರಿಹಾರದ ಹೊರೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ಆ ದಂಡವನ್ನು ವಿಮೆಯ ತಲೆಗೆ ಕಟ್ಟಲಾಗದು.

ಇನ್ನು ಚಿನ್ನಿಯ ವಿಷಯ. ಸಾವಿನ ಪರಿಹಾರವನ್ನು ಅನೇಕ ಪಾಲಿಸಿಗಳು ನಾಯಿಯ ಮಾರುಕಟ್ಟೆ ಬೆಲೆಗೆ ಗಂಟುಹಾಕುತ್ತವೆ. ಚಿನ್ನಿಗೆ ಮಾರುಕಟ್ಟೆಯೇ ಇಲ್ಲ. ಲ್ಯಾಬ್ರಡಾರ್‌ಗಳನ್ನು ಕಾಡುವ ಸೊಂಟದ ಕೀಲಿನ ದೋಷ, ಸಿಕ್ಕಿದ್ದನ್ನೆಲ್ಲ ನುಂಗುವ ಚಾಳಿ ಎರಡೂ ಅವಳಿಗಿಲ್ಲ. ಮಾವಿನ ವಾಟೆಯನ್ನು ಮೂಸಿ ಬಿಟ್ಟುಬಿಡುವಷ್ಟು ಬುದ್ಧಿ ಬೀದಿಯಲ್ಲೇ ಬಂದಿದೆ. ಜೊತೆಗೆ ನಮಗೆ ಹೆಬ್ಬಾಳ ಹತ್ತಿರ. 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಖಾಸಗಿಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ತಜ್ಞರೇ ನೋಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಸರದಿಯಲ್ಲಿ ಕಾಯುವ ತಾಳ್ಮೆ ಬೇಕು, ಅಷ್ಟೇ. ಅವಳ ಹೆಸರಿನಲ್ಲಿ ಅಂಚೆ ಕಚೇರಿಯ ಆರ್‌ಡಿಗೆ ತಿಂಗಳಿಗೆ ಐನೂರು ಹಾಕುತ್ತೇನೆ. ಅದಕ್ಕೆ ಯಾವ ಕಾಯಿಲೆಯೂ ವರ್ಜ್ಯವಲ್ಲ.

ನನಗೆ ಸಿಟ್ಟಿರುವುದು ಒಂದೇ ಷರತ್ತಿನ ಮೇಲೆ. ಗುಂಡನಿಗೆ ಹತ್ತು ತುಂಬಿದರೆ ಪಾಲಿಸಿ ನವೀಕರಣವಾಗುವುದಿಲ್ಲ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುವ ತಳಿ. ಗಡ್ಡೆ, ಮೂತ್ರಪಿಂಡ, ಮಂಡಿನೋವು ಎಲ್ಲವೂ ಶುರುವಾಗುವ ಹೊತ್ತಿಗೆ ಕಂಪನಿ ಕೈತೊಳೆದುಕೊಳ್ಳುತ್ತದೆ. ಹಾಗಾಗಿ ವಿಮೆಯನ್ನು ಮರಿಯಾಗಿದ್ದಾಗಿನಿಂದ ಎಂಟೊಂಬತ್ತು ವರ್ಷದವರೆಗಿನ ಅಪಘಾತ, ಆಪರೇಷನ್‌ಗಳಿಗೆಂದು ಮಾತ್ರ ಎಣಿಸಿ, ಮುಪ್ಪಿನ ಖರ್ಚಿಗೆ ಬೇರೆ ಗಂಟು ಕಟ್ಟಿಕೊಳ್ಳಬೇಕು.

ಎರಡನೇ ಮಹಡಿಯವರು ಮೊನ್ನೆ ಬೀಗಲ್ ಮರಿ ತಂದು ಸಲಹೆ ಕೇಳಿದರು. ಮಾಡಿಸಿ ಎಂದೆ. ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲು ಕಾಯುವ ಅವಧಿ ಇರುತ್ತದೆ, ಆದ್ದರಿಂದ ಕಾಯಿಲೆ ಬಂದ ಮೇಲೆ ಓಡಾಡಿ ಫಲವಿಲ್ಲ. ಪಾಲಿಕೆಯ ಪರವಾನಗಿ, ಲಸಿಕೆ ಪುಸ್ತಕ, ಮರಿಯ ಎರಡೂ ಪಕ್ಕದ ಫೋಟೊ, ಮೈಕ್ರೊಚಿಪ್ ಹಾಕಿಸಿದ್ದರೆ ಅದರ ಸಂಖ್ಯೆ, ಇವಿಷ್ಟನ್ನು ಒಂದೇ ಕಡತದಲ್ಲಿಡಿ ಎಂದೂ ಹೇಳಿದೆ. ವಿಮಾ ಮೊತ್ತ ಐವತ್ತು ಸಾವಿರ ಸಾಕೇ ಎಂದು ಕೇಳಿದರು. ಗುಂಡನ 58,000ದ ಬಿಲ್ಲಿನ ಪ್ರತಿ ಇನ್ನೂ ಕಪಾಟಿನಲ್ಲಿತ್ತು, ಅವರ ಕೈಗೆ ಕೊಟ್ಟೆ.