ಸೆಕೆಂಡ್ ಹ್ಯಾಂಡ್ ಜೆಟ್ ತಗೊಳ್ಳಾವ್ರು ರೊಕ್ಕ ಕಳಿಸೂ ಮೊದಲ ಇದನ್ನ ಓದ್ರಿ

ಹೌದ್ರಿ, ಬೆಳಗಾವ್ಯಾಗ ಕುಂತು ಜೆಟ್ ಖರೀದಿಗೆ ಹೋಗಿದ್ವಿ. ನಗಾವ್ರು ನಗ್ರಿ, ಉದ್ಯಮಬಾಗದಾಗ ಆಗಲೇ ಬೇಕಾದಷ್ಟು ಮಂದಿ ನಕ್ಕಾರ. ಆದ್ರ ನಮಗ ಮೋಸ ಮಾಡಿದ ದಲಾಲಿ ಈಗ ಬಾಗಲಕೋಟಿ, ವಿಜಯಪುರದ ಕಡೆ ಸಕ್ಕರಿ ಫ್ಯಾಕ್ಟರಿ ಮಂದೀನ ಹುಡುಕಾಕತ್ತಾನಂತ. ಅದಕ್ಕ ನಾಚಿಕಿ ಬಿಟ್ಟು ಬರಿಯಾಕತ್ತೇನಿ.

ನಮ್ಮ ಸಾವಕಾರ್ರು, ಅವರ ಬೀಗರು ಕೂಡಿ ನೋಡಿದ್ದು ಚಾಲೆಂಜರ್ 300. ಎಂಟೊಂಬತ್ತು ಮಂದಿ ಆರಾಮ ಕುಂಡ್ರತಾರ, ಒಂದ ಹಾರಾಟಕ್ಕ 5700 ಕಿಲೋಮೀಟರ್ ಹತ್ರ ಹೋಗತೈತಿ, ನಮ್ಮ ಸಾಂಬ್ರಾ ವಿಮಾನ ನಿಲ್ದಾಣದ 2300 ಮೀಟರ್ ರನ್‌ವೇ ಸಾಕು. ವಿಮಾನದ ಮ್ಯಾಲೆ ನನ್ನ ತಕರಾರಿಲ್ಲ.

ತಕರಾರು ಇರೂದು ಆ ದಲಾಲಿ ಬಾಯಿ ಮ್ಯಾಲೆ. "ಅಣ್ಣಾರ, ನಾನೂ ಹುಬ್ಬಳ್ಳಿ ಕಡ್ಯಾಂವ. ಎರಡೂ ಎಂಜಿನ್ ಪ್ರೋಗ್ರಾಮ್‌ನಾಗ ಅದಾವು." ಫೋನ್ ಎತ್ತಿದ್ರ ಇದ, ವಾಟ್ಸಾಪ್‌ನಾಗೂ ಇದ. ಪ್ರೋಗ್ರಾಮ್ ಅಂದ್ರ, ಹಾರಿದ ತಾಸಿನ ಲೆಕ್ಕದಾಗ ರೊಕ್ಕ ಕಟ್ಟಿದ್ರ ಎಂಜಿನ್ ರಿಪೇರಿ ಖರ್ಚು ಕಂಪನಿ ಪಾಲಿಗೆ. ಕಟ್ಟೂದು ನಿಂತಿದ್ರ ಅದೆಲ್ಲಾ ತಗೊಂಡಾಂವನ ತಲಿಗೆ. ವಿಮಾನದ ರೇಟು ನಿಲ್ಲೂದ ಇದರ ಮ್ಯಾಲೆ. ಎಂಜಿನ್ ಪ್ರೋಗ್ರಾಮ್‌ನಾಗ ಅದಾವು ಅನ್ನಾಕ ಪಿಡಿಎಫ್ ಪತ್ರಾನೂ ಕಳಿಸಿದ. ಲೆಟರ್‌ಹೆಡ್, ಎಂಜಿನ್ ಸೀರಿಯಲ್ ನಂಬರ್, ಸಹಿ, ಎಲ್ಲಾ ಇತ್ತು.

ನಮ್ಮ ಕಡೆ ಎಂಜಿನಿಯರ್ರು ಅದನ್ನ ದೊಡ್ಡದು ಮಾಡಿ ತೋರಿಸಿದ್ರು. ತಾರೀಖಿನ್ಯಾಗ ಇಸವಿಯ ಕಡೀ ಅಂಕಿ ಉಳಿದ ಅಕ್ಷರಕ್ಕಿಂತ ಕೂದಲೆಳಿಯಷ್ಟು ದಪ್ಪ! ಹಳೇ ಪತ್ರ, ಹೊಸ ಇಸವಿ. ಆ ಅಂಕೀನ ನಾನು ಎಷ್ಟು ಹೊತ್ತು ನೋಡಿದೆನೋ, ಮೈಯೆಲ್ಲಾ ಉರೀತು. ಯುರೋಪಿನ್ಯಾಗಿದ್ದ ಮಾಲೀಕನ ವಕೀಲರನ್ನ ನೇರ ಕೇಳಿದ್ರ, ಪ್ರೋಗ್ರಾಮ್ ಯಾವಾಗೋ ನಿಂತೈತಂತ. ಅಷ್ಟ ಅಲ್ಲ, ವಿಮಾನ ಮಾರಾಕ ಈ ದಲಾಲಿಗೆ ಅವರು ಅಧಿಕಾರಾನ ಕೊಟ್ಟಿಲ್ಲ!

ಅಷ್ಟ್ರಾಗ ಅಡ್ವಾನ್ಸ್ ಹೋಗಿತ್ತು. ಅದು ಎಸ್ಕ್ರೋದಾಗ, ಅಂದ್ರ ಎರಡೂ ಕಡೆಯವ್ರು ನಂಬೂ ಮೂರನೇಯವರ ಖಾತೆದಾಗ ಇರಬೇಕು, ತಪಾಸಣಿ ಮುಗಿದು ನಾವು ಒಪ್ಪೂತನಕ ಯಾವಾಗ ಕೇಳಿದ್ರೂ ವಾಪಸ್ ಬರಬೇಕು. ಎಲ್ಲಾರ್ಗೂ ಗೊತ್ತಿದ್ದದ್ದ. ಅಂವ "ದುಬೈ ಗಿರಾಕಿ ಬಾಗಲಾಗ ನಿಂತಾನ, ನನ್ನ ಅಕೌಂಟಿಗೆ ಹಾಕ್ರಿ, ನಾನ ಎಸ್ಕ್ರೋಕ್ಕ ಕಟ್ಟತೇನಿ" ಅಂದಿದ್ದ. ಕಟ್ಟಲೇ ಇಲ್ಲ.

ಪತ್ರದ ಬಗ್ಗೆ ಕೇಳಿದ್ರ ಉತ್ತರ ಏನು? "ಟೆಕ್ನಿಕಲ್ ವಿಷಯ ನಿಮಗ ತಿಳಿಯೂದಿಲ್ಲ ಅಣ್ಣಾರ." ವಿಮಾನದ ಬಿಡಿಭಾಗ ನಮ್ಮ ಹತ್ತರಗಿಯಾಗ ತಯಾರಾಗತಾವು, ನಮಗ ತಿಳಿಯೂದಿಲ್ಲಂತ! ರೊಕ್ಕ ಕೇಳಿದ್ರ, "ವಾಪಸ್ ಕೊಡ್ತೇನಿ ಅಂದಿದ್ದೆ, ಯಾವಾಗಂತ ಅಂದಿರಲಿಲ್ಲ." ಇದನ್ನ ಬರದ ಕಳಿಸ್ಯಾನ. ಸ್ಕ್ರೀನ್‌ಶಾಟ್ ಐತಿ.

ಇನ್ನೊಂದು. "ಚಾರ್ಟರ್ ಪರ್ಮಿಟ್ ತಗೊಂಡು ತರಸ್ರಿ, 5% ಜಿಎಸ್‌ಟಿದಾಗ ಮುಗೀತೈತಿ" ಅಂತ ಸಾವಕಾರ್ರ ಕಿವಿ ಊದಿದ್ದ. ಚಾರ್ಟರ್ ಅಂದ್ರ ವಿಮಾನ ಬಾಡಿಗಿಗೆ ಹಾರಿಸೂದು. ಸ್ವಂತ ಬಳಕಿ ವಿಮಾನಕ್ಕ 2025ರ ಸೆಪ್ಟೆಂಬರಿನಿಂದ 40%. ಚಾರ್ಟರ್ ಹೆಸರಿನ್ಯಾಗ ತಂದು ಮನಿ ಮಂದಿ ಅಡ್ಡಾಡಿದ್ರ ಕಸ್ಟಮ್ಸ್‌ನವ್ರು ಬೆನ್ನು ಹತ್ತತಾರ. ನೋಟಿಸ್ ಬರೂದು ಅಂವಗಲ್ಲ, ನಮಗ.

ಎಸ್ಕ್ರೋ ಬಿಟ್ಟು ಬ್ಯಾರೆ ಎಲ್ಲೂ ಒಂದು ರೂಪಾಯಿ ಹಾಕಬ್ಯಾಡ್ರಿ. ಮಾಲೀಕನ ಸಹಿ ಇರೂ ಅಧಿಕಾರ ಪತ್ರ ಮೊದಲ ಕೇಳ್ರಿ. ತಪಾಸಣಿ ಎಲ್ಲಿ ಮಾಡಸಬೇಕು ಅನ್ನೂದು ನೀವ ಹೇಳ್ರಿ, ದಲಾಲಿ ಹೇಳಿದ ಹ್ಯಾಂಗರ್ ಬ್ಯಾಡ. ಊರಿನ ಹೆಸರು ಹೇಳಿ "ಅಣ್ಣಾರ" ಅಂತ ಬರಾವ್ರನ್ನಂತೂ ಒಳಗ ಬಿಟ್ಕೋಬ್ಯಾಡ್ರಿ.

ಪೊಲೀಸ್ ದೂರು ಕೊಟ್ಟೇವಿ. ಅದಾದ ಮ್ಯಾಲೂ ಮೆಸೇಜ್ ಬಂದೈತಿ: "ಅಣ್ಣಾರ, ಒಂದು ಗಲ್ಫ್‌ಸ್ಟ್ರೀಮ್ ಜಿ280 ಜೆಟ್ ಬಂದೈತಿ. ನಿಮ್ಮ ಅಡ್ವಾನ್ಸ್ ಅದಕ್ಕ ಹೊಂದಿಸೂಣೇನು?" ಆ ಪಿಡಿಎಫ್ ನಿಮಗೂ ಬಂದಿದ್ರ ನನಗ ತಿಳಸ್ರಿ, ಕೂಡೇ ಸ್ಟೇಶನ್‌ಗೆ ಹೋಗೂಣು.