ಕೂರ್ಮಗಡಕ್ಕೆ ಹೋಗುವವರೇ, ವಾಪಸ್ ಬರುವ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಬೇಸಿಗೆ ರಜೆಗೆ ಕಾರವಾರಕ್ಕೆ ಬಂದು ಕೂರ್ಮಗಡ ದ್ವೀಪಕ್ಕೆ ದೋಣಿ ಹತ್ತುವವರು ಇದನ್ನು ಓದಿಯೇ ಹತ್ತಿ.

ಮೇ ತಿಂಗಳಲ್ಲಿ ಪ್ರವಾಸಿಗರ ದೋಣಿಯೊಂದು ಬೆಳಿಗ್ಗೆ ಎಂಟಕ್ಕೆ ಹೊರಟಿತ್ತು. ನೀರು ಕನ್ನಡಿಯ ಹಾಗಿತ್ತು. ಗುಡ್ಡ ಹತ್ತಿ, ನರಸಿಂಹ ದೇವರಿಗೆ ಕೈಮುಗಿದು, ಊಟ ಮುಗಿಸಿ ಹೊರಡುವಾಗ ಮೂರೂವರೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಹರಿದ ಬಲೆಯ ತುಂಡು ಪ್ರೊಪೆಲರ್‌ಗೆ ಸುತ್ತಿಕೊಂಡು ಎಂಜಿನ್ ನಿಂತಿತು. ದೋಣಿ ಅಲೆಗೆ ಅಡ್ಡ ತಿರುಗಿತು, ನೀರು ಒಳಗೆ ನುಗ್ಗಿತು. ಲಂಗರಿನ ಹಗ್ಗ ಬ್ಯಾಗುಗಳ ಅಡಿಯಲ್ಲಿತ್ತು. ಲೈಫ್ ಜಾಕೆಟ್‌ಗಳನ್ನು ಸೀಟಿನ ಕೆಳಗೆ ಒಂದೇ ಗಂಟಾಗಿ ಕಟ್ಟಿಟ್ಟಿದ್ದರು. ಹತ್ತಿರದಲ್ಲೇ ಇದ್ದ ಮೀನುಗಾರರು ಹಗ್ಗ ಹಾಕಿ ಎಳೆದು ತಂದದ್ದಕ್ಕೆ ಎಲ್ಲರೂ ಉಳಿದರು. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುತ್ತಿದ್ದವರಿಗೆ ಆ ಅದೃಷ್ಟ ಇರಲಿಲ್ಲ. ದೋಣಿ ಮಗುಚಿ 16 ಜನ ಹೋದರು. ಅವರೂ ದ್ವೀಪದಿಂದ ಮರಳುತ್ತಿದ್ದವರೇ.

ಹೋಗುವಾಗ ಇಲ್ಲದ ಅಪಾಯ ಬರುವಾಗ ಏಕೆ? ಏಪ್ರಿಲ್, ಮೇನಲ್ಲಿ ಹನ್ನೊಂದು ಹನ್ನೆರಡರವರೆಗೆ ಸಮುದ್ರ ಸುಮ್ಮನಿರುತ್ತದೆ. ಆಮೇಲೆ ನೆಲ ಕಾದು ಪಡುವಣ ಗಾಳಿ ಏಳುತ್ತದೆ, ಎರಡರಿಂದ ಐದರವರೆಗೆ ಅದರದೇ ಜೋರು. ದ್ವೀಪ ಪಶ್ಚಿಮಕ್ಕಿದೆ, ದಡ ಪೂರ್ವಕ್ಕೆ. ಹಾಗಾಗಿ ಮರಳುವಾಗ ಅಲೆಗಳೆಲ್ಲ ಬೆನ್ನ ಹಿಂದಿನಿಂದ ಬರುತ್ತವೆ. ಔಟ್‌ಬೋರ್ಡ್ ಎಂಜಿನ್ ಕೂರಿಸಲು ಫೈಬರ್ ದೋಣಿಯ ಹಿಂಬದಿಯ ಹಲಗೆಯನ್ನು ತಗ್ಗಿಸಿರುತ್ತಾರೆ. ಇಡೀ ದೋಣಿಯಲ್ಲಿ ನೀರು ಒಳಬರಲು ಅದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ. ವೇಗದಲ್ಲಿ ಬರುತ್ತಾ ಎಂಜಿನ್ ವೇಗ ಒಮ್ಮೆಲೇ ತಗ್ಗಿಸಿದರೂ ಸಾಕು, ಹಿಂದಿನ ಅಲೆ ಅಲ್ಲಿಂದಲೇ ಏರಿ ಬರುತ್ತದೆ.

ಇದರ ಮೇಲೆ ಅಳಿವೆಯ ಕಾಟ. ಇಳಿತದ ಹೊತ್ತಿನಲ್ಲಿ ಕಾಳಿ ನದಿಯ ನೀರು ರಭಸದಿಂದ ಹೊರಗೆ ಹರಿಯುತ್ತದೆ, ಅಲೆ ಒಳಗೆ ನುಗ್ಗುತ್ತದೆ. ಎರಡೂ ಎದುರಾದಲ್ಲಿ ಅಲೆ ಕಡಿದಾಗಿ ನಿಂತು ಒಡೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ಕೆಟ್ಟದು. ನದಿ ದಡದ ಕೋಡಿಬಾಗದಿಂದ ಹೊರಟವರು ಭರತ (ಉಬ್ಬರ) ಏರುತ್ತಿರುವಾಗಲೇ ಅಳಿವೆ ದಾಟಬೇಕು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ನಿನ್ನೆಯ ಲೆಕ್ಕ ಇವತ್ತಿಗೆ ಸಲ್ಲದು. ಕಾರವಾರದ ಬೈತಖೋಲ ಬಂದರಿನಿಂದ ಹೊರಟರೆ ಅಳಿವೆ ದಾಟುವ ಪ್ರಮೇಯವೇ ಇಲ್ಲ. ಆಯ್ಕೆ ನಿಮ್ಮದಾದರೆ ಅಲ್ಲಿಂದಲೇ ಹೋಗಿ.

ಗಾಳಿಯೇ ಇಲ್ಲದ ದಿನವೂ ಬೇಸಿಗೆಯಲ್ಲಿ ದಕ್ಷಿಣದ ದೂರದ ಸಾಗರದಿಂದ ಉದ್ದನೆಯ ಅಲೆಗಳು ಬರುವುದುಂಟು. ಹಿಂದಿನ ಸಂಜೆಯೇ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ (INCOIS) ಕೊಡುವ ಅಲೆಯ ಮುನ್ಸೂಚನೆ ನೋಡಿ. ಉತ್ತರ ಕನ್ನಡಕ್ಕೆ ಎಚ್ಚರಿಕೆ ಇದ್ದರೆ ಹೋಗಲೇಬೇಡಿ.

ದಕ್ಕೆಯಲ್ಲಿ ದುಡ್ಡು ಕೊಡುವ ಮೊದಲು ದೋಣಿ ನಡೆಸುವ ತಾಂಡೇಲನ ಹತ್ತಿರ, "ಎಷ್ಟು ಗಂಟೆಗೆ ವಾಪಸ್ ಕರ್ಕೊಂಡು ಬರ್ತೀರಿ?" ಎಂದು ಕೇಳಿ. ಹನ್ನೊಂದರ ಒಳಗೆ ದ್ವೀಪ ಬಿಡುವ ಮಾತಾಗಲಿ. ಊಟ ದಡಕ್ಕೆ ಬಂದೇ ಮಾಡಿ. ಎಲ್ಲರೂ ಕೂತ ಮೇಲೆ ನೀರಿನಿಂದ ದೋಣಿಯ ಅಂಚಿಗೆ ಒಂದು ಮೊಳವಾದರೂ ಇರಬೇಕು. ಗೇಣಿಗೆ ಇಳಿದಿದ್ದರೆ ಇಳಿದುಬಿಡಿ, ಮುಂಗಡ ಹೋದರೂ ಹೋಗಲಿ. ಜಾಕೆಟ್ ದಡದಲ್ಲೇ ತೊಟ್ಟು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ಅದರೊಳಗಿಂದ ಜಾರಿಹೋಗುತ್ತಾರೆ. ಮಕ್ಕಳ ಅಳತೆಯದು ಇಲ್ಲದಿದ್ದರೆ ಮಕ್ಕಳನ್ನು ಕರೆದೊಯ್ಯಬೇಡಿ. ಎರಡು ಹುಟ್ಟು, ನೀರು ಎತ್ತಿ ಚೆಲ್ಲಲು ಬಕೆಟ್, ಬಲೆ ಕತ್ತರಿಸುವ ಚಾಕು, ಕೈಗೆ ಸಿಗುವಂತೆ ಲಂಗರು, ಇಷ್ಟನ್ನೂ ಕಣ್ಣಾರೆ ನೋಡಿ. ಹಗ್ಗ ಆಳದ ಐದರಷ್ಟಿರಲಿ, ಎಂಟು ಮೀಟರ್ ನೀರಿಗೆ 40 ಮೀಟರ್. ಪೆಟ್ರೋಲಿನಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ.

ಎಂಜಿನ್ ನಿಂತರೆ ಎಲ್ಲರೂ ತಳದಲ್ಲಿ ಕೂರಿ, ಒಂದೇ ಬದಿಗೆ ಸರಿಯಬೇಡಿ. ಲಂಗರನ್ನು ಮುಂದಿನಿಂದಲೇ ಬಿಡಿಸಿ, ಆಗ ದೋಣಿಯ ಮೂತಿ ಅಲೆಗೆ ತಿರುಗುತ್ತದೆ. ಹಿಂದಿನಿಂದ ಬಿಟ್ಟರೆ ತಗ್ಗಿದ ಹಲಗೆಯ ಮೇಲಿಂದ ನೀರು ತುಂಬಿಕೊಳ್ಳುತ್ತದೆ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಮಗುಚಿದರೂ ದೋಣಿಯನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಂಡರೂ ಈಜಲು ಹೊರಡಬೇಡಿ, ಇಳಿತ ಹೊರಕ್ಕೆ ಎಳೆದೊಯ್ಯುತ್ತದೆ.