ಎಡಿಸನ್ ಕಡೆಯ ನಮ್ಮ ಡೈನರ್: ಶೇಕ್‌ಗೆ ಕಣ್ಮುಚ್ಚಿ ಹೋಗಿ, ಫ್ರೈಸ್ ಮಾತ್ರ ಕೇಳಿ ತಗೊಳ್ಳಿ

ನ್ಯೂಜೆರ್ಸಿಗೆ ಹೊಸದಾಗಿ ಬಂದ ಕನ್ನಡದವರು ಮಕ್ಕಳ ಜೊತೆ ಬರ್ಗರ್ ತಿನ್ನೋಕೆ ಎಲ್ಲಿಗೆ ಹೋಗಬಹುದು ಅಂತ ಆಗಾಗ ಕೇಳುತ್ತಾರೆ. ಇಲ್ಲಿನ ಎಡಿಸನ್ ಊರಿನ ಹತ್ತಿರ ಮನೆ ಮಾಡಿದಾಗಿನಿಂದ ನಾವು ಹೋಗುತ್ತಿರುವುದು ಒಂದೇ ಡೈನರ್‌ಗೆ, ಅಂದರೆ ಬರ್ಗರ್, ಶೇಕ್ ಎಲ್ಲ ಸಿಗುವ ಅಮೆರಿಕನ್ ಥರದ ಸಾದಾ ಹೋಟೆಲ್‌ಗೆ. ಒಂದೆರಡು ದೂರು ಇರುವುದರಿಂದ ಹೆಸರು ಹಾಕುತ್ತಿಲ್ಲ. ನಾನು ಹೇಳುವ ಬಹುಪಾಲು ವಿಷಯ ಇಲ್ಲಿನ ಯಾವ ಡೈನರ್‌ಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಕಪ್ಪು ಬಿಳುಪು ನೆಲ, ಕೆಂಪು ಸೀಟು, ಕೌಂಟರ್ ಮುಂದೆ ತಿರುಗುವ ಸ್ಟೂಲುಗಳು. ಹಿಂದೆ ಈ ರಾಜ್ಯದಲ್ಲೇ ಡೈನರ್‌ಗಳನ್ನು ಫ್ಯಾಕ್ಟರಿಯಲ್ಲಿ ಪೂರ್ತಿ ಕಟ್ಟಿ, ಸಾಗಿಸಿ, ಜಾಗಕ್ಕೆ ತಂದು ಕೂರಿಸುತ್ತಿದ್ದರು. ಪ್ಯಾಟರ್ಸನ್‌ನ ಸಿಲ್ಕ್ ಸಿಟಿ ಡೈನರ್‌ಗಳು ಹಾಗೆ ಹೆಸರಾದವು. ನಮ್ಮದು ಅಂಥ ಹಳೆಯದಲ್ಲ, ಹಳೇ ಥರ ಕಟ್ಟಿರುವುದು. ಟೇಬಲ್ ಪಕ್ಕದ ಜ್ಯೂಕ್‌ಬಾಕ್ಸ್ (ಕಾಸು ಹಾಕಿ ಹಾಡು ಕೇಳುವ ಪೆಟ್ಟಿಗೆ) ಹಾಡುವುದಿಲ್ಲ. ಮಕ್ಕಳಿಗೆ ಅದರ ಹಾಡಿನ ಪಟ್ಟಿಯ ಹಾಳೆ ತಿರುವಿದರೇ ಖುಷಿ.

ಇಲ್ಲಿಗೆ ಹೋಗಬೇಕಾದದ್ದು ಮಿಲ್ಕ್‌ಶೇಕ್‌ಗೆ. ಉದ್ದನೆಯ ಸ್ಟೀಲ್ ಲೋಟಕ್ಕೆ ಐಸ್‌ಕ್ರೀಂ, ಹಾಲು ಹಾಕಿ, ನಮ್ಮ ಕಣ್ಣೆದುರೇ ಮಿಕ್ಸರ್‌ಗೆ ಸಿಕ್ಕಿಸುತ್ತಾರೆ. ಗಾಜಿನ ಲೋಟ ತುಂಬಿಸಿ, ಮಿಕ್ಕಿದ್ದನ್ನು ಅದೇ ಸ್ಟೀಲ್ ಲೋಟದಲ್ಲಿ ಪಕ್ಕಕ್ಕಿಡುತ್ತಾರೆ. ಆ ಲೋಟದ ಹೊರಗೆಲ್ಲ ಮಂಜು ಹಿಡಿದಿರುತ್ತದೆ. ಇಬ್ಬರು ಮಕ್ಕಳಿಗೆ ಒಂದು ಆರ್ಡರ್ ಧಾರಾಳವಾಗಿ ಸಾಕು. ಮೊದಲ ಐದು ನಿಮಿಷ ಸ್ಟ್ರಾ ಕೆಲಸ ಮಾಡಲ್ಲ, ಚಮಚ ಕೇಳಿ ಇಸ್ಕೊಳ್ಳಿ.

ಚಾಕೊಲೇಟ್ ಶೇಕ್‌ಗೆ ಮಾಲ್ಟ್ ಹಾಕಿಸಿ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ರುಚಿಯೇ ಬೇರೆ. ಊರಿಂದ ಬಂದಿದ್ದ ಅಮ್ಮ ಒಂದು ಗುಟುಕು ಕುಡಿದು "ಇದು ಹಾರ್ಲಿಕ್ಸ್ ಅಲ್ವಾ?" ಅಂದರು. ಸರಿಯಾಗೇ ಹೇಳಿದ್ದರು. ಮಾಲ್ಟೆಡ್ ಮಿಲ್ಕ್ ಪುಡಿಯನ್ನು 19ನೇ ಶತಮಾನದಲ್ಲಿ ಮಾರುಕಟ್ಟೆಗೆ ತಂದದ್ದು ವಿಸ್ಕಾನ್ಸಿನ್‌ನ ರಸೀನ್‌ನಲ್ಲಿದ್ದ ಹಾರ್ಲಿಕ್ ಅಣ್ಣತಮ್ಮಂದಿರು. 1922ರಲ್ಲಿ ಶಿಕಾಗೋದ ವಾಲ್‌ಗ್ರೀನ್ಸ್ ಅಂಗಡಿಯಲ್ಲಿ ಆ ಮಾಲ್ಟೆಡ್ ಹಾಲಿಗೆ ಐಸ್‌ಕ್ರೀಂ ಸೇರಿಸಿ ಕೊಡಲು ಶುರು ಮಾಡಿದ ಮೇಲೆ ಈ ಶೇಕ್ ಎಲ್ಲ ಕಡೆ ಹಬ್ಬಿತು.

ಬರ್ಗರ್ ಚೆನ್ನಾಗಿದೆ, ಅಷ್ಟೇ. ನಮ್ಮನೆಯವರು ಚಿಕನ್ ಬರ್ಗರ್ ತಗೊಳ್ಳುತ್ತಾರೆ, ಒಣಗಿದ್ದು ಬಂದದ್ದು ಕಡಿಮೆ. ನಾನು ಸಸ್ಯಾಹಾರಿ. ಮೊದಲು ಫ್ರೀಜರ್‌ನ ಬ್ಲಾಕ್ ಬೀನ್ ಪ್ಯಾಟಿ ಒಂದೇ ಇತ್ತು, ಈಗ ಮಾಂಸದ ಹಾಗೇ ಇರುವ, ಆದರೆ ಸಸ್ಯದಿಂದ ಮಾಡಿದ ಇಂಪಾಸಿಬಲ್ ಬ್ರ್ಯಾಂಡಿನ ಪ್ಯಾಟಿ ಕೂಡ ಇದೆ. ದೋಸೆ ಹೆಂಚಿನಂಥ ದೊಡ್ಡ ಗ್ರಿಲ್ ಮೇಲೆ ಬೀಫು, ಬೇಕನ್ನು (ಹಂದಿಮಾಂಸ), ವೆಜ್ ಪ್ಯಾಟಿ ಎಲ್ಲ ಒಟ್ಟಿಗೇ ಬೇಯುತ್ತವೆ. ಅದಕ್ಕೇ ಆರ್ಡರ್ ಕೊಡುವಾಗಲೇ "ಬೇರೆ ಬಾಣಲೆಯಲ್ಲಿ ಮಾಡಿ" ಅಂತ ಹೇಳಿಬಿಡಿ. ಹಳಬರು ಮುಖ ಗಂಟಿಕ್ಕದೆ ಮಾಡಿಕೊಡುತ್ತಾರೆ. ಒಂದು ಭಾನುವಾರ ಜನ ಜಾಸ್ತಿ ಇದ್ದಾಗ ಹೊಸ ಹುಡುಗ ಹೂಂ ಅಂದು ಹೋದ, ಪ್ಯಾಟಿ ಬೇಕನ್ ವಾಸನೆ ಹೊತ್ತು ಬಂತು. ವಾಪಸ್ ಕೊಟ್ಟಾಗ ಮರುಮಾತಿಲ್ಲದೆ ಹೊಸದು ಮಾಡಿಕೊಟ್ಟರು. ಆದರೂ ಆವತ್ತು ಬೇಜಾರಾಯಿತು.

ನನಗೆ ನಿಜವಾಗಿ ಸಿಟ್ಟು ಬರುವುದು ಫ್ರೈಸ್ ವಿಷಯಕ್ಕೆ. ಚಿಕನ್ ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ, ಮೆನುವಿನಲ್ಲಿ ಎಲ್ಲೂ ಬರೆದಿಲ್ಲ. ನಾವಾಗಿ ಕೇಳಿದರಷ್ಟೇ ಹೇಳುತ್ತಾರೆ. ಒಂದು ಸಾಲು ಅಚ್ಚು ಹಾಕಿಸೋಕೆ ಏನು ಕಷ್ಟ? ಇಲ್ಲಿನ ಡೈನರ್‌ಗಳ ಫೇಮಸ್ ಡಿಸ್ಕೋ ಫ್ರೈಸ್ ಮೇಲಿನ ಗ್ರೇವಿಗೂ ಸಾಮಾನ್ಯವಾಗಿ ಮಾಂಸದ ರಸ ಇರುತ್ತದೆ, ಚೀಸ್ ನೋಡಿ ಮೋಸ ಹೋಗಬೇಡಿ.

ಬೆಲೆ ಎಲ್ಲ ಕಡೆಯಂತೆ ಏರಿದೆ. ಮೆನುವಿನ ಬೆಲೆ ಮೇಲೆ 6.625% ತೆರಿಗೆ, ಟಿಪ್ಸ್ 18-20%. ಈಚೆಗೆ ಕಾರ್ಡ್ ಕೊಟ್ಟರೆ ಇನ್ನಷ್ಟು ಸೇರಿಸುತ್ತಾರೆ, ಕ್ಯಾಶ್ ಇಟ್ಕೊಂಡಿರಿ. ಶನಿವಾರ, ಭಾನುವಾರ ಬೆಳಿಗ್ಗೆ ಸೀಟಿಗೆ ಕಾಯಬೇಕು. ವಾರದ ದಿನ ಸಂಜೆ ಐದಕ್ಕೆ ಹೋದರೆ ಕೌಂಟರ್ ಖಾಲಿ ಇರುತ್ತದೆ, ಮಿಕ್ಸರ್ ಎದುರಿನ ಸ್ಟೂಲ್ ಮಕ್ಕಳಿಗೇ ಸಿಗುತ್ತದೆ.